ಹಿರಿಯರ ಮಾತು ಉಳಿಸಿಕೊಳ್ಳುವುದು ಹೇಗೆ: ಮಂಗಳೂರು–ಉಡುಪಿ ಕಡೆಯ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಕುಟುಂಬದ ಚರಿತ್ರೆ ಬರೆಯಲು ಹೊರಟವರು ಹೆಚ್ಚಾಗಿ ಕಪಾಟು ತೆರೆದು ಹಳೆಯ ಕಾಗದಗಳಿಂದ ಶುರುಮಾಡುತ್ತಾರೆ. ಈ ಕ್ರಮವನ್ನು ತಿರುಗಿಸಿ. ಸರಿಯಾಗಿ ಇಟ್ಟ ಕಾಗದ ಇನ್ನೊಂದು ಮಳೆಗಾಲ ತಾಳುತ್ತದೆ, ಎಂಬತ್ತೆಂಟರ ಅಜ್ಜಿಯ ನೆನಪಿನ ಬಗ್ಗೆ ಆ ಭರವಸೆ ಇಲ್ಲ. ಆ ಕಾಗದಗಳಿಗೆ ಅರ್ಥ ಕೊಡಬಲ್ಲವರೂ ಅವರೇ. ಮದುವೆ ಫೋಟೋದ ಎಡತುದಿಯಲ್ಲಿ ನಿಂತವರು ಯಾರು, ಪಾಲುಪಟ್ಟಿಯಲ್ಲಿ ಹೆಬ್ಬೆಟ್ಟು ಒತ್ತಿದ ಹೆಂಗಸು ಯಾವ ಮನೆಗೆ ಸೇರಿದವರು ಎಂಬುದು ಎಲ್ಲಿಯೂ ಬರೆದಿರುವುದಿಲ್ಲ. ಆದ್ದರಿಂದ ಮೊದಲು ಜನ, ಆಮೇಲೆ ಫೋಟೋ, ಕೊನೆಗೆ ಕಾಗದ.

ನಮ್ಮ ಕರಾವಳಿಯಲ್ಲಿ ಈ ಕೆಲಸಕ್ಕೆ ಎರಡು ವಿಶೇಷ ತೊಡಕುಗಳಿವೆ. ಮನೆಯೊಳಗಿನ ಮಾತು ತುಳು, ಕೊಂಕಣಿ, ಬ್ಯಾರಿ, ಕುಂದಾಪುರ ಕನ್ನಡ ಅಥವಾ ಹವ್ಯಕ ಕನ್ನಡ, ಆದರೆ ಬರೆಯುವುದು ಶಾಲೆಯ ಕನ್ನಡದಲ್ಲಿ. ಜೊತೆಗೆ ಜೂನ್‌ನಿಂದ ಸೆಪ್ಟೆಂಬರ್ ತನಕದ ತೇವ ಫೋಟೋ, ಕಾಗದ, ಟೇಪು ಯಾವುದನ್ನೂ ಬಿಡುವುದಿಲ್ಲ. ಕೆಳಗಿನ ಹೆಚ್ಚಿನ ಸೂಚನೆಗಳು ಇವೆರಡಕ್ಕೆ ಸಂಬಂಧಪಟ್ಟವು.

ಯಾರಿಂದ, ಯಾವಾಗ

ಎಪ್ಪತ್ತು ದಾಟಿದ ಎಲ್ಲರ ಹೆಸರನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಅವರ ಆರೋಗ್ಯ, ಕಿವಿ, ನೆನಪು ಹೇಗಿದೆ ಎಂದು ನೋಡಿ ಸರದಿ ನಿಶ್ಚಯಿಸಿ, ನಿಮಗೆ ಎಷ್ಟು ಹತ್ತಿರದವರು ಎಂಬುದನ್ನು ನೋಡಿ ಅಲ್ಲ. ಸೊಸೆಯಾಗಿ ಬಂದವರನ್ನು ಬಿಡಬೇಡಿ. ಹೊರಗಿನಿಂದ ಬಂದ ಕಣ್ಣಿಗೆ ಮನೆಯ ರೀತಿ ರಿವಾಜು ಸ್ಪಷ್ಟವಾಗಿ ಕಂಡಿರುತ್ತದೆ. ಮನೆಯಲ್ಲಿ ಹತ್ತಾರು ವರ್ಷ ದುಡಿದವರು, ಗೇಣಿಗೆ ಗದ್ದೆ ಮಾಡಿದವರು, ಮುಂಬಯಿಯಲ್ಲೇ ಉಳಿದ ದೊಡ್ಡಪ್ಪನ ಮಕ್ಕಳು ಕೂಡ ಪಟ್ಟಿಯಲ್ಲಿರಲಿ.

ಧ್ವನಿಮುದ್ರಣಕ್ಕೆ ದೀಪಾವಳಿಯಿಂದ ಬಿಸುವಿನವರೆಗಿನ (ಏಪ್ರಿಲ್ ನಡುವಿನ ತುಳು ಹೊಸವರ್ಷ) ತಿಂಗಳು ಒಳ್ಳೆಯದು. ಶೀಟಿನ ಮಾಡಿನ ಮೇಲೆ ಮಳೆ ಬೀಳುವಾಗ ಮಾಡಿದ ರೆಕಾರ್ಡಿಂಗ್‌ನಿಂದ ಆ ಸದ್ದನ್ನು ಆಮೇಲೆ ತೆಗೆಯಲು ಹೋದರೆ ಮಾತೂ ಸವೆಯುತ್ತದೆ. ಬೆಳಿಗ್ಗೆ 10ರಿಂದ 11.30 ಅಥವಾ ಸಂಜೆ ಚಹಾದ ನಂತರ ಕೂರಿ. ಊಟದ ಮೇಲೆ ಬೇಡ. ಒಮ್ಮೆಗೆ 60 ನಿಮಿಷ ಸಾಕು, ಅವರಿಗೆ ಉಮೇದು ಇದ್ದರೂ 90 ದಾಟಿಸಬೇಡಿ.

ಒಂದು ಬಾರಿಗೆ ಒಬ್ಬರನ್ನೇ ಕೂರಿಸಿ. ಅಣ್ಣ ತಂಗಿಯನ್ನೋ ಗಂಡ ಹೆಂಡತಿಯನ್ನೋ ಒಟ್ಟಿಗೆ ಕೂರಿಸಿದರೆ ಗಟ್ಟಿ ಸ್ವರದವರ ನೆನಪೇ ಇಬ್ಬರದ್ದೂ ಆಗಿಬಿಡುತ್ತದೆ, ಇನ್ನೊಬ್ಬರು ಹೌದು ಹೌದು ಎನ್ನುತ್ತಾ ಕುಳಿತಿರುತ್ತಾರೆ. ಪ್ರತ್ಯೇಕ ಮಾತು ಮುಗಿದ ಮೇಲೆ ಬೇಕಾದರೆ ಜೊತೆಗೆ ಕೂರಿಸಿ. ಅಲ್ಲಿ ಜಗಳ ಬಂದರೆ ತೀರ್ಪು ಕೊಡಬೇಡಿ, ಎರಡೂ ಮಾತನ್ನು ಇಡಿ.

ಧ್ವನಿಮುದ್ರಣ

ಕೈಯಲ್ಲಿರುವ ಫೋನು ಸಾಕು. ರೆಕಾರ್ಡರ್ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ವೇವ್ ಅಥವಾ ಲಾಸ್‌ಲೆಸ್ ಆಯ್ಕೆ ಇದ್ದರೆ ಅದನ್ನೇ ಹಾಕಿ. 48 ಕಿಲೋಹರ್ಟ್ಸ್, 24 ಬಿಟ್, ಮೊನೊ ಆದರೆ ಗಂಟೆಗೆ ಸುಮಾರು 520 ಎಂಬಿ ಬೇಕು. ಆ ಆಯ್ಕೆ ಇಲ್ಲದಿದ್ದರೆ ಫೋನಿನ ಮಾಮೂಲಿ ರೆಕಾರ್ಡಿಂಗ್ ಆಗಲಿ, ಅದಕ್ಕಾಗಿ ಕೆಲಸ ಮುಂದೂಡಬೇಡಿ.

1. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಹಲವು ಫೋನುಗಳಲ್ಲಿ ಕರೆ ಬಂದ ಕೂಡಲೇ ರೆಕಾರ್ಡಿಂಗ್ ನಿಂತುಬಿಡುತ್ತದೆ, ಮಾತಿನ ಭರದಲ್ಲಿ ಯಾರೂ ಗಮನಿಸುವುದಿಲ್ಲ.
2. ಮಡಚಿದ ಬೈರಾಸಿನ (ಟವೆಲಿನ) ಮೇಲೆ, ಮಾತಾಡುವವರ ಬಾಯಿಯಿಂದ 30–40 ಸೆಂಟಿಮೀಟರ್ ದೂರದಲ್ಲಿ ಇಡಿ. ಬರೀ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುದ್ದಿದ ಹಾಗೆ ಕೇಳುತ್ತದೆ.
3. ಕಾಲರ್ ಮೈಕ್ ಇದ್ದರೆ ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಕರಿಮಣಿ ಸರ ಅಥವಾ ರೇಷ್ಮೆ ಸೆರಗು ಅದಕ್ಕೆ ಉಜ್ಜದಂತೆ ನೋಡಿ. ಹೆಂಗಸರ ರೆಕಾರ್ಡಿಂಗ್‌ನಲ್ಲಿ ಕೇಳುವ ಕರಕರ ಸದ್ದಿಗೆ ಬಹುಪಾಲು ಇದೇ ಕಾರಣ.
4. ಗಾರೆ ಅಥವಾ ಟೈಲ್ಸ್ ನೆಲದ ದೊಡ್ಡ ಹಾಲ್‌ನಲ್ಲಿ ಸ್ವರ ಗುಂಯ್‌ಗುಡುತ್ತದೆ. ಹಾಸಿಗೆ, ಬಟ್ಟೆ ಇರುವ ಸಣ್ಣ ಕೋಣೆಯಲ್ಲಿ ಕೂರಿ. ಫ್ಯಾನ್ ನಿಲ್ಲಿಸಿ. ಡಿಸೆಂಬರ್–ಜನವರಿಯ ಬೆಳಗಾದರೆ ಅದೂ ಸಹ್ಯ.
5. ಅರ್ಧ ನಿಮಿಷ ಪರೀಕ್ಷೆಗೆ ರೆಕಾರ್ಡ್ ಮಾಡಿ, ಇಯರ್‌ಫೋನ್ ಹಾಕಿ ಕೇಳಿ. ಫ್ರಿಜ್ಜಿನ ಗುಂಗು ನಮ್ಮ ಕಿವಿಗೆ ರೂಢಿಯಾಗಿರುತ್ತದೆ, ಮೈಕಿಗೆ ಆಗಿರುವುದಿಲ್ಲ.
6. ಶುರುವಿನಲ್ಲಿ ನಿಮ್ಮ ಸ್ವರದಲ್ಲೇ ತಾರೀಕು, ಜಾಗ, ಮಾತಾಡುವವರ ಪೂರ್ತಿ ಹೆಸರು, ಹುಟ್ಟಿದ ಊರು, ಜೊತೆಗಿರುವವರ ಹೆಸರು ಹೇಳಿ. ಫೈಲಿನ ಹೆಸರು ನಾಳೆ ಬದಲಾಗಬಹುದು, ಒಳಗಿರುವ ಈ ಸಾಲುಗಳು ಬದಲಾಗುವುದಿಲ್ಲ.

ವಿಡಿಯೊ ಬೇಕೇ ಎಂದು ಹಲವರು ಕೇಳುತ್ತಾರೆ. ಮಾತಿಗೆ ಧ್ವನಿಯೇ ಒಳ್ಳೆಯದು, ಕ್ಯಾಮೆರಾ ಕಂಡರೆ ಹಿರಿಯರು ಭಾಷಣದ ಭಂಗಿಗೆ ಹೋಗುತ್ತಾರೆ. ಕೈಕೆಲಸಕ್ಕೆ ಮಾತ್ರ ವಿಡಿಯೊ ಇರಲಿ: ಬೈಹುಲ್ಲಿನಲ್ಲಿ ಅಕ್ಕಿಯ ಮುಡಿ ಕಟ್ಟುವುದು, ಬೀಡಿ ಸುರುಟುವುದು, ಪತ್ರೊಡೆಗೆ ಎಲೆ ಜೋಡಿಸುವುದು, ಬಲೆ ಹೆಣೆಯುವುದು. ಮುಖಕ್ಕಿಂತ ಕೈಯನ್ನು ಹತ್ತಿರದಿಂದ ತೆಗೆಯಿರಿ.

ಮನೆಮಾತಿನಲ್ಲೇ ಕೇಳಿ

ತುಳು ಅಜ್ಜಿಗೆ ಕನ್ನಡದಲ್ಲಿ ಪ್ರಶ್ನೆ ಹಾಕಿದರೆ ಉತ್ತರವೂ ಮರ್ಯಾದೆಯ ಕನ್ನಡದಲ್ಲಿ ಬರುತ್ತದೆ. ಬೈಗುಳ, ತಮಾಷೆ, ಗಾದೆ, ಅಡುಗೆ ಪಾತ್ರೆಗಳ ಹೆಸರು ಎಲ್ಲ ಮಾಯ. ಬೆಂಗಳೂರಿನಲ್ಲಿ ಬೆಳೆದ ಮೊಮ್ಮಗನಿಗೆ ಭಾಷೆ ಬಾರದಿದ್ದರೆ ಅತ್ತೆಯೋ ಚಿಕ್ಕಮ್ಮನೋ ಕೇಳಲಿ, ಅವನು ಪಕ್ಕದಲ್ಲಿದ್ದು ರೆಕಾರ್ಡಿಂಗ್ ನೋಡಿಕೊಳ್ಳಲಿ.

"ನಿಮ್ಮ ಜೀವನದ ಕಥೆ ಹೇಳಿ" ಎಂದರೆ "ಹೇಳ್ಲಿಕ್ಕೆ ಎಂತ ಉಂಟು" ಎಂಬ ಉತ್ತರ ಸಿಗುತ್ತದೆ. ಪ್ರಶ್ನೆ ಸಣ್ಣದಿರಬೇಕು, ಕೈಗೆ ಸಿಗುವಂತಿರಬೇಕು. ತವರಿನಲ್ಲಿ ಬೆಳಿಗ್ಗೆ ಮೊದಲು ಏಳುತ್ತಿದ್ದವರು ಯಾರು? ಆಟಿಯಲ್ಲಿ (ಮಳೆಗಾಲದ ತುಳು ತಿಂಗಳು) ಅಕ್ಕಿ ಮುಗಿದರೆ ಎಂತ ತಿನ್ನುತ್ತಿದ್ದಿರಿ? ಬೀಡಿ ಕಟ್ಟಿದ ದುಡ್ಡು ಯಾರ ಕೈಗೆ ಹೋಗುತ್ತಿತ್ತು? ಗೇಣಿ ಎಷ್ಟು ಮುಡಿ, ಅಳೆಯುತ್ತಿದ್ದವರು ಯಾರು, ಯಾರ ಮನೆಯ ಕಳಸೆಯಲ್ಲಿ (ಅಳತೆಯ ಪಾತ್ರೆ)? ಬೊಂಬಾಯಿಗೆ ಹೊರಟ ದಿನ ಬಿಡಲು ಯಾರು ಬಂದರು, ಮೊದಲ ರಾತ್ರಿ ಮಲಗಿದ್ದು ಎಲ್ಲಿ, ಹೋಟೆಲಿನಲ್ಲಿ ಮೊದಲ ಕೆಲಸ ಎಂತ, ರಾತ್ರಿಶಾಲೆಗೆ ಹೋದದ್ದುಂಟೇ? ಅವರು ಮುಡಿ, ಸೇರು, ಆಣೆ ಎಂದರೆ ಹಾಗೆಯೇ ಬರೆಯಿರಿ. ಅಳತೆ ಊರಿಂದ ಊರಿಗೆ ಬೇರೆ ಇತ್ತು, ನಿಮ್ಮ ಅಂದಾಜಿನ ಕಿಲೋ ಲೆಕ್ಕ ತಪ್ಪಾದರೆ ತಿದ್ದಲು ಮೂಲವೇ ಉಳಿದಿರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಹಳೆಯ ಮನೆಯ ನಕ್ಷೆ. ದೊಡ್ಡ ಹಾಳೆ, ದಪ್ಪ ಪೆನ್ಸಿಲ್ ಕೊಟ್ಟು ಹುಟ್ಟಿದ ಮನೆಯನ್ನು ಬರೆಯಲು ಹೇಳಿ, ಕೈ ನಡುಗುವವರಾದರೆ ಅವರು ಹೇಳಿದಂತೆ ನೀವು ಗೆರೆ ಎಳೆಯಿರಿ. ಚಾವಡಿ, ನಡುಮನೆ, ಅಟ್ಟ, ಬಾವಿ, ಹಟ್ಟಿ, ನಾಗಬನ ಎಲ್ಲಿ? ಆಮೇಲೆ ಪ್ರತಿ ಕೋಣೆಗೂ ಮೂರೇ ಪ್ರಶ್ನೆ: ಇಲ್ಲಿ ಯಾರು ಮಲಗುತ್ತಿದ್ದರು, ಇಲ್ಲಿ ಯಾರಿಗೆ ಪ್ರವೇಶ ಇರಲಿಲ್ಲ, ಇಲ್ಲಿ ಹುಟ್ಟಿದವರು–ತೀರಿಕೊಂಡವರು ಯಾರು? ಎರಡನೆಯ ಪ್ರಶ್ನೆಯಿಂದ ಜಾತಿ, ಮಡಿ, ಮುಟ್ಟು, ಒಕ್ಕಲುತನದ ಬಗ್ಗೆ ಬರುವಷ್ಟು ಮಾತು ನೇರವಾಗಿ ಕೇಳಿದರೆ ಎಂದೂ ಬಾರದು. ನಕ್ಷೆ ಬಿಡಿಸುವಾಗ ರೆಕಾರ್ಡರ್ ಓಡುತ್ತಿರಲಿ. "ಇಲ್ಲಿ", "ಅಲ್ಲಿ" ಎಂದಾಗ "ಬಾವಿಯ ಪಕ್ಕದ ಕೋಣೆಯಾ?" ಎಂದು ನೀವು ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಕೇಳುವವರಿಗೆ ಜಾಗ ತಿಳಿಯದು.

ಅವರು ಮಾತು ನಿಲ್ಲಿಸಿದಾಗ ಮನಸ್ಸಿನಲ್ಲೇ ಹತ್ತು ಎಣಿಸಿ. ಕೇಳುವವರು ಆ ಬಿಡುವಿಗೆ ಹೆದರಿ ಮುಂದಿನ ಪ್ರಶ್ನೆ ಹಾಕುವುದರಿಂದಲೇ ಒಳ್ಳೆಯ ಮಾತು ಅರ್ಧಕ್ಕೆ ತುಂಡಾಗುವುದು.

ಇಸವಿ ನೆನಪಿಲ್ಲ ಎಂದಾಗ

ಇಸವಿ ನೆನಪಿಲ್ಲದವರಿಗೂ ಉಡುಪಿಯ ಪರ್ಯಾಯ ಉತ್ಸವ ನೆನಪಿರುತ್ತದೆ. ಉಡುಪಿ ಕೃಷ್ಣಮಠದ ಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ, ಸಮ ಸಂಖ್ಯೆಯ ಇಸವಿಯ ಜನವರಿ 18ಕ್ಕೆ, ಒಂದು ಮಠದಿಂದ ಇನ್ನೊಂದಕ್ಕೆ ಹೋಗುತ್ತದೆ. ಎಂಟು ಮಠ, ಹದಿನಾರು ವರ್ಷದ ಸುತ್ತು. ಪಲಿಮಾರು ಮಠಕ್ಕೆ 1954, 1970, 1986, 2002, 2018. ಅದರಿಂದ ಎರಡೆರಡು ವರ್ಷ ಕೂಡಿಸುತ್ತಾ ಹೋದರೆ ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಕೊನೆಗೆ ಪೇಜಾವರ.

"ಪುತ್ತಿಗೆ ಪರ್ಯಾಯದಲ್ಲಿ ಅಕ್ಕನ ಮದುವೆ" ಎಂದರೆ 1960–61 ಇರಬಹುದು, 1976–77 ಇರಬಹುದು. ಈಗ ಎರಡನೆಯ ಗೂಟ ಹುಡುಕಿ: ಗದ್ದೆಗೆ ಡಿಕ್ಲರೇಶನ್ (ಗೇಣಿಯ ಗದ್ದೆ ತಮ್ಮದಾಗಲು ಒಕ್ಕಲು ಹಾಕಿದ ಅರ್ಜಿ) ಕೊಟ್ಟದ್ದು ಮದುವೆಗೆ ಮೊದಲೋ ಆಮೇಲೋ? ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಆಮೇಲೆ ಎಂದರೆ 1976–77 ಎಂದು ಬರೆಯಬಹುದು. ಈ ಕಡೆ ಉಪಯೋಗಕ್ಕೆ ಬರುವ ಇನ್ನಷ್ಟು ಗೂಟಗಳು: ನೇತ್ರಾವತಿಯ 1923 ಮತ್ತು 1974ರ ನೆರೆ, 1951ರ ಡಿಸೆಂಬರಿನಲ್ಲಿ ಬಜಪೆಗೆ ಬಂದ ವಿಮಾನ, ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿದ 1956ರ ನವೆಂಬರ್ 1, ಕೆನರಾ, ಸಿಂಡಿಕೇಟ್ ಬ್ಯಾಂಕುಗಳು ಸರಕಾರದ್ದಾದ 1969, ವಿಜಯ, ಕಾರ್ಪೊರೇಷನ್ ಬ್ಯಾಂಕುಗಳ ಸರದಿಯ 1980, ಧರ್ಮಸ್ಥಳದಲ್ಲಿ ಬಾಹುಬಲಿ ಪ್ರತಿಷ್ಠೆಯಾದ 1982, ಉಡುಪಿ ಬೇರೆ ಜಿಲ್ಲೆಯಾದ 1997.

ತಿಂಗಳಿಗೆ ತುಳು ಲೆಕ್ಕ ಹಿಡಿಯಿರಿ. ಪಗ್ಗು ಶುರುವಾಗುವುದು ಏಪ್ರಿಲ್ ನಡುವಿನ ಬಿಸುವಿಗೆ, ಆಟಿ ಬರುವುದು ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆ ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ 24ರ ಆಸುಪಾಸು. ನಿಮ್ಮ ಲೆಕ್ಕ ಅಂದಾಜಿನದ್ದಾದರೆ ಇಸವಿಯ ಮುಂದೆ 'ಸು.' ಹಾಕಿ, ಹೇಗೆ ತಲುಪಿದಿರಿ ಎಂಬುದನ್ನೂ ಒಂದು ಸಾಲಿನಲ್ಲಿ ಬರೆದಿಡಿ.

ವಂಶವೃಕ್ಷ

ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಕುಟುಂಬಗಳಿಗೆ ಕಂಪ್ಯೂಟರಿನ ಸಿದ್ಧ ವಂಶವೃಕ್ಷಗಳು ಸರಿಹೊಂದುವುದಿಲ್ಲ, ಅವು ಅಪ್ಪನ ಹೆಸರಿನ ಬೆನ್ನು ಹಿಡಿದು ಹೋಗುತ್ತವೆ. ಕಾಗದದಲ್ಲೇ ಬರೆಯಿರಿ. ನೆನಪಿರುವ ಅತಿ ಹಿಂದಿನ ಅಜ್ಜಿಯನ್ನು ಮೇಲಿಟ್ಟು, ಅವಳ ಒಬ್ಬೊಬ್ಬ ಮಗಳಿಂದ ಒಂದೊಂದು ಕವರು (ಕುಟುಂಬದ ಕವಲು) ಇಳಿಸಿ. ಗಂಡುಮಕ್ಕಳ ಹೆಸರು ಇರಲಿ, ಅವರ ಮಕ್ಕಳು ತಾಯಿಯ ಬರಿಗೆ (ತಾಯಿಯಿಂದ ಬರುವ ಕುಲಕ್ಕೆ) ಸೇರಿದವರಾದ್ದರಿಂದ ಆ ಗೆರೆಯನ್ನು ಚುಕ್ಕೆಗಳಲ್ಲಿ ಎಳೆದು ಆ ಮನೆಯ ಹೆಸರು ಬರೆಯಿರಿ. ಬರಿ ಅಡ್ಡಹೆಸರಿನಲ್ಲಿ ಕಾಣುವುದಿಲ್ಲ, ಕೇಳಿಯೇ ಬರೆಯಬೇಕು. ಮಾವನ ಹೆಸರನ್ನೇ ಅಳಿಯನಿಗೆ ಇಟ್ಟ ಕಡೆ ಗೊಂದಲ ಖಂಡಿತ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಡಿ, ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನೂ ಸೇರಿಸಿ.

ಈ ಮನೆಗಳಿಗೆ ಅತ್ಯುತ್ತಮ ದಾಖಲೆ ಹಳೆಯ ವಿಭಾಗಪತ್ರ. ಯಾರಿಗೆ ಯಾವ ಗದ್ದೆ ಎಂಬುದರ ಜೊತೆಗೆ ಪ್ರತಿ ಕವರಿನ ಸದಸ್ಯರ ಹೆಸರು, ಕೆಲವೊಮ್ಮೆ ವಯಸ್ಸು, ಮೈನರ್ ಮಕ್ಕಳ ಹೆಸರು ಕೂಡ ಅದರಲ್ಲಿರುತ್ತದೆ. ಮನೆಯಲ್ಲಿ ಪ್ರತಿ ಇಲ್ಲದಿದ್ದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಸಂಖ್ಯೆ, ವರ್ಷ ಕೊಟ್ಟು ದೃಢೀಕೃತ ನಕಲು ಕೇಳಬಹುದು. ಕ್ರೈಸ್ತ ಕುಟುಂಬಗಳಿಗೆ ಇಗರ್ಜಿಯ ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳಿವೆ. ಅಲ್ಲಿ ದೇವತಂದೆ–ದೇವತಾಯಿಯ ಹೆಸರನ್ನು ಬಿಡದೆ ಬರೆದುಕೊಳ್ಳಿ, ಅವರು ಹೆಚ್ಚಾಗಿ ಹತ್ತಿರದ ನೆಂಟರೇ ಆಗಿರುತ್ತಾರೆ. ಜಿಎಸ್‌ಬಿ (ಗೌಡ ಸಾರಸ್ವತ ಬ್ರಾಹ್ಮಣ) ಮನೆಗಳವರು ಗೋವಾದ ಕುಲದೇವರ ದೇವಸ್ಥಾನದಲ್ಲಿ ಕುಳಾವಿಗಳ (ಆ ದೇವರಿಗೆ ನಡೆದುಕೊಳ್ಳುವ ಮನೆತನದವರ) ಪಟ್ಟಿ ವಿಚಾರಿಸಲಿ. ಮಸೀದಿಯ ನಿಕಾಹ್ ಪುಸ್ತಕ, ಶಾಲೆಯ ದಾಖಲಾತಿ ಪುಸ್ತಕ ಎಲ್ಲರಿಗೂ ಸಹಾಯಕ, ಆದರೆ ಶಾಲೆಯಲ್ಲಿ ಬರೆಸಿದ ಜನ್ಮದಿನ ಮೇಷ್ಟರ ಅಂದಾಜು ಇರಬಹುದು ಎಂಬ ಎಚ್ಚರ ಇರಲಿ.

ಫೋಟೋ, ಕಾಗದ, ಟೇಪು

ಸ್ಕ್ಯಾನ್: ಸಾಮಾನ್ಯ ಅಳತೆಯ ಫೋಟೋಗೆ 600 ಡಿಪಿಐ, ಪಾಸ್‌ಪೋರ್ಟ್ ಅಳತೆಯದಕ್ಕೆ 1200, ಕಾಗದಪತ್ರಕ್ಕೆ 300–400, ನೆಗೆಟಿವ್‌ಗೆ ಕಡಿಮೆಯೆಂದರೆ 2400. ಮೂಲಪ್ರತಿ ಟಿಫ್ ಆಗಿರಲಿ (4×6 ಇಂಚಿನದಕ್ಕೆ ಸುಮಾರು 26 ಎಂಬಿ), ಹಂಚಲು ಜೆಪೆಗ್. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೊದ ಮುದ್ರೆ, ಬೊಂಬಾಯಿಯಿಂದ ಬರೆದ ಎರಡು ಸಾಲು ಅಲ್ಲೇ ಇರುತ್ತದೆ.

ಗೋಡೆಯ ಫ್ರೇಮಿನ ಗಾಜಿಗೆ ಫೋಟೋ ಅಂಟಿದ್ದರೆ ಎಳೆಯಲೇಬೇಡಿ. ತೇವಕ್ಕೆ ಮೆದುವಾದ ಜೆಲಾಟಿನ್ ಪದರ ಗಾಜಿಗೆ ಕಚ್ಚಿಕೊಂಡಿರುತ್ತದೆ, ಎಳೆದರೆ ಮುಖವೇ ಗಾಜಿನಲ್ಲಿ ಉಳಿಯುತ್ತದೆ. ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿ. ಅಂಟುಹಾಳೆಯ ಆಲ್ಬಮ್‌ನಿಂದ ಬಿಡಿಸಲು ಹಲ್ಲಿನ ಸಂದಿಗೆ ಬಳಸುವ ಫ್ಲಾಸ್ ದಾರವನ್ನು ಫೋಟೋದ ಅಡಿಯಲ್ಲಿ ಮೆಲ್ಲಗೆ ಸರಿಸಿ. ಲ್ಯಾಮಿನೇಷನ್, ಸೆಲ್ಲೋಟೇಪ್ ಎರಡೂ ಬೇಡ. ಮೊದಲನೆಯದನ್ನು ಬಿಡಿಸಲಾಗದು, ಎರಡನೆಯದರ ಅಂಟು ಕೆಲವು ವರ್ಷಗಳಲ್ಲಿ ಹಳದಿಯಾಗಿ ಕಾಗದಕ್ಕೆ ಇಳಿಯುತ್ತದೆ.

ಬೂಷ್ಟು ಹಿಡಿದ ಫೋಟೋವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಚಿತ್ರವೇ ಕಿತ್ತು ಬರುತ್ತದೆ. ನೆರಳಿನಲ್ಲಿ ಗಾಳಿಗೆ ಪೂರ್ತಿ ಒಣಗಿಸಿ, ಮಾಸ್ಕ್ ಹಾಕಿ, ಮನೆಯ ಹೊರಗೆ ಮೆದು ಬ್ರಷ್‌ನಿಂದ ಝಾಡಿಸಿ. ಬಿಸಿಲಿಗೆ ಇಟ್ಟರೆ ಬಣ್ಣ ಹಾರುತ್ತದೆ, ಫೋಟೋ ಸುರುಳಿಯಾಗುತ್ತದೆ.

ಶೇಖರಣೆಗೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಕಿತ್ತಳೆ ಬಣ್ಣದ ಸಿಲಿಕಾ ಜೆಲ್. 10 ಲೀಟರ್ ಡಬ್ಬಿಗೆ 100 ಗ್ರಾಂ ಸಾಕು. ಇಲ್ಲಿ ಹೆಚ್ಚಿನವರು ತಪ್ಪುವುದು ಡಬ್ಬಿ ಮುಚ್ಚುವ ಕಾಲದಲ್ಲಿ. ಜುಲೈಯಲ್ಲಿ ಮುಚ್ಚಿದರೆ ಕಾಗದ ಹೀರಿಕೊಂಡ ನೀರೂ ಒಳಗೆ ಸೇರಿ ಡಬ್ಬಿಯೊಳಗೇ ಬೂಷ್ಟು ಬೆಳೆಯುತ್ತದೆ. ಜನವರಿ–ಫೆಬ್ರವರಿಯ ಒಣ ದಿನಗಳಲ್ಲಿ ಎರಡು ದಿನ ನೆರಳಿನಲ್ಲಿ ಹರಡಿ, ಆಮೇಲೆ ಮುಚ್ಚಿ. ಒಳಗೆ ಸಣ್ಣ ತೇವಮಾಪಕ ಇಡಿ. ಶೇಕಡಾ 35–50 ಒಳ್ಳೆಯದು, 65 ದಾಟಿದರೆ ಅಪಾಯ. ಜೆಲ್ ಬಣ್ಣ ಬದಲಾದಾಗ 120 ಡಿಗ್ರಿಯ ಓವನ್‌ನಲ್ಲಿ ಎರಡು ಗಂಟೆ ಒಣಗಿಸಿದರೆ ಮತ್ತೆ ಉಪಯೋಗಕ್ಕೆ ಬರುತ್ತದೆ. ನುಸಿಗುಳಿಗೆಯನ್ನು ಫೋಟೋ, ಟೇಪುಗಳ ಜೊತೆ ಇಡಬೇಡಿ. ಡಬ್ಬಿ ನೆಲದಲ್ಲೂ ಬೇಡ, ಅಟ್ಟದಲ್ಲೂ ಬೇಡ: ನೆಲದಲ್ಲಿ ಗೆದ್ದಲು, ಅಟ್ಟದಲ್ಲಿ ಬೇಸಗೆಯ ಕಾವು. ಗೋಡೆಯಿಂದ ನಾಲ್ಕು ಇಂಚು ಬಿಟ್ಟು ನಿಲ್ಲಿಸಿದ ಕಪಾಟಿನ ನಡುವಿನ ಹಲಗೆ ಸರಿಯಾದ ಜಾಗ.

ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಅಂಚು ಬೆಳ್ಳಗೆ ಕಂಡರೆ ಅದು ಬೂಷ್ಟು. ಪ್ಲೇಯರಿಗೆ ಹಾಕಬೇಡಿ, ಮುಂದೆ ಹಾಕುವ ಎಲ್ಲ ಕ್ಯಾಸೆಟ್ಟಿಗೂ ಅದು ಹರಡುತ್ತದೆ. ಶುಚಿ ಮಾಡಿ ಡಿಜಿಟಲ್ ಮಾಡುವವರ ಕೈಗೇ ಕೊಡಿ. ತಾಳೆಗರಿ ಕಟ್ಟು ಸಿಕ್ಕಿದರೆ ನೀವಾಗಿ ಎಣ್ಣೆ ಹಚ್ಚುವುದು, ಗರಿ ಬಿಡಿಸುವುದು ಬೇಡ. ತುಳು ಲಿಪಿಯಲ್ಲಿ ಬರೆದದ್ದಾದರೆ ಓದಲು ಬಲ್ಲವರೇ ಬೇಕು. ಧರ್ಮಸ್ಥಳದ ತಾಳೆಗರಿ ಸಂಗ್ರಹದವರಲ್ಲಿ ಕೇಳಬಹುದು. ಪಾಡ್ದನದಂಥ (ತುಳುವಿನ ಕಥನಗೀತೆ) ಜಾನಪದದ ಬಗ್ಗೆ ಉಡುಪಿ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ, ಬಾಸೆಲ್ ಮಿಶನ್ನಿನ ಹೆಂಚಿನ ಕಾರ್ಖಾನೆ, ನೇಯ್ಗೆ, ಮುದ್ರಣಾಲಯಗಳಲ್ಲಿ ದುಡಿದ ಹಿರಿಯರಿದ್ದರೆ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ದಾಖಲೆಗಳು ನೋಡಬೇಕಾದವು.

ಬರಹಕ್ಕೆ ಇಳಿಸುವುದು, ಪ್ರತಿ ಇಡುವುದು

ಒಂದು ಗಂಟೆಯ ಮಾತನ್ನು ಅಕ್ಷರಶಃ ಬರೆಯಲು ನಾಲ್ಕರಿಂದ ಆರು ಗಂಟೆ ಬೇಕು. ಎಲ್ಲವನ್ನೂ ಬರೆಯಲು ಹೊರಟು ಎರಡನೆಯ ಫೈಲಿಗೇ ಕೈಬಿಡುವವರು ತುಂಬ. ಮೊದಲು ಐದು ನಿಮಿಷಕ್ಕೊಂದು ಸಾಲಿನ ಸೂಚಿ ಮಾಡಿ: '15ನೇ ನಿಮಿಷ: ಅಜ್ಜ ಹಾಯಿಯ ಮಚವೆಯಲ್ಲಿ ಬೊಂಬಾಯಿಗೆ ಹೋದದ್ದು'. ಮುಖ್ಯ ಭಾಗಗಳನ್ನು ಮಾತ್ರ ಪೂರ್ತಿ ಬರೆಯಿರಿ, ಮೊದಲು ಅವರಾಡಿದ ಭಾಷೆಯಲ್ಲಿ, ಆಮೇಲೆ ಕನ್ನಡದಲ್ಲಿ. ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ 'ನಾನು ಬಂದೆ', 'ಅವನು ಬಂದ' ಎರಡೂ 'ಬತ್ತೆ' ಎಂದೇ ಕಾಣುತ್ತದೆ, ಉಚ್ಚಾರದ ವ್ಯತ್ಯಾಸ ಲಿಪಿಗೆ ಸಿಗುವುದಿಲ್ಲ. ಆದ್ದರಿಂದ ಮಾತಿನಲ್ಲಿ ಬಿಟ್ಟಿದ್ದರೂ 'ಯಾನ್', 'ಆಯೆ' ಎಂದು ಕಂಸದಲ್ಲಿ ಸೇರಿಸಿ. ಇಲ್ಲದಿದ್ದರೆ ಪೆಟ್ಟು ಕೊಟ್ಟವರು ಯಾರು, ತಿಂದವರು ಯಾರು ಎಂಬುದೇ ಅದಲುಬದಲಾಗುತ್ತದೆ.

ಫೈಲಿಗೆ ಇಸವಿ–ತಿಂಗಳು–ದಿನ, ಹೆಸರು, ವಿಷಯ, ಭಾಷೆ, ಸಂಖ್ಯೆ ಈ ಕ್ರಮದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಕೊಡಿ. ಹಳೆಯ ಕೆಲವು ಕಂಪ್ಯೂಟರುಗಳಲ್ಲಿ ಕನ್ನಡದ ಫೈಲ್ ಹೆಸರು ಒಡೆದುಹೋಗುತ್ತದೆ. ಮೂರು ಪ್ರತಿ ಇರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಹಾರ್ಡ್‌ಡಿಸ್ಕಿನಲ್ಲಿ, ಒಂದು ಮುಂಬಯಿಯಲ್ಲೋ ದುಬೈಯಲ್ಲೋ ಇರುವ ನೆಂಟರ ಮನೆಯಲ್ಲಿ. ಇಲ್ಲಿ ನೆರೆ, ಸಿಡಿಲು ಏನೇ ಬಂದರೂ ಅಲ್ಲಿಯದು ಉಳಿಯುತ್ತದೆ. ಪೆನ್‌ಡ್ರೈವ್, ಡಿವಿಡಿ ದೀರ್ಘಕಾಲಕ್ಕಲ್ಲ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿಯೇ ಕಳಿಸಿ, ಫೋಟೋ ಆಗಿ ಕಳಿಸಿದರೆ ಗುಣಮಟ್ಟ ಕುಗ್ಗುತ್ತದೆ. ವರ್ಷಕ್ಕೊಮ್ಮೆ, ಬಿಸುವಿಗೆ ಎಂದಿಟ್ಟುಕೊಳ್ಳಿ, ಮೂರೂ ಕಡೆ ಕೆಲವು ಫೈಲು ತೆರೆದು ಕೇಳಿ ನೋಡಿ.

ಮುಚ್ಚಿಡಬೇಕಾದ್ದು

ಯಾರು ಕೇಳಬಹುದು ಎಂಬುದನ್ನು ರೆಕಾರ್ಡಿಂಗ್ ಮುಗಿಯುವ ಮೊದಲು ಹಿರಿಯರಿಂದಲೇ ಹೇಳಿಸಿಕೊಳ್ಳಿ. ಪಾಲಿನ ಜಗಳ, ಡಿಕ್ಲರೇಶನ್‌ನಲ್ಲಿ ಹೋದ ಜಮೀನು, ಹೇಳದೆ ಉಳಿದ ಮದುವೆ, ಇವೆಲ್ಲ ಬರುತ್ತವೆ, ಬರಲಿ. "ಇದು ನಾನು ಇರುವ ತನಕ ಬೇಡ" ಎಂದರೆ ಆ ಭಾಗವನ್ನು ಬೇರೆ ಫೈಲು ಮಾಡಿ, ತೆರೆಯುವ ಷರತ್ತು ಬರೆದಿಡಿ. ಫ್ಯಾಮಿಲಿ ಗ್ರೂಪಿಗೆ ಹಾಕಿದ್ದನ್ನು ಹಿಂದೆ ಪಡೆಯಲಾಗುವುದಿಲ್ಲ. ದೈವಗಳ ಕೋಲ–ನೇಮದ ನುಡಿ, ಸಂಧಿ, ಪಾಡ್ದನಗಳಿಗೆ ಮನೆಯವರ ಒಪ್ಪಿಗೆ ಮಾತ್ರ ಸಾಲದು, ದೈವದ ವೇಷ ಕಟ್ಟುವವರ, ಹಾಡುವವರ ಒಪ್ಪಿಗೆಯೂ ಬೇಕು. ಕೆಲವನ್ನು ಸಂದರ್ಭದ ಹೊರಗೆ ಹೇಳಬಾರದೆಂಬ ಕಟ್ಟು ಅವರಿಗಿದೆ, ಒತ್ತಾಯಿಸಬೇಡಿ.

ಎಲ್ಲರ ಕೈಗೆ

ವಂಶವೃಕ್ಷದ ಕರಡನ್ನು ದೊಡ್ಡದಾಗಿ ಮುದ್ರಿಸಿ, ನಾಗರಪಂಚಮಿಗೆ ಮೂಲ ನಾಗಬನಕ್ಕೆ ಕುಟುಂಬದವರೆಲ್ಲ ಬರುವ ದಿನ ಚಾವಡಿಯ ಗೋಡೆಗೆ ಅಂಟಿಸಿ, ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲ್ ತೂಗುಹಾಕಿ. ತಿದ್ದಿದವರು ಹೆಸರು ಬರೆಯಬೇಕು ಎಂಬುದೊಂದೇ ನಿಯಮ. ಮನೆಯಲ್ಲಿ ಕೂತು ಫೋನಿನಲ್ಲಿ ವಿಚಾರಿಸಿದರೆ ತಿಂಗಳುಗಟ್ಟಲೆ ಹಿಡಿಯುವ ತಿದ್ದುಪಡಿ ಅಲ್ಲಿ ಊಟದ ಹೊತ್ತಿಗೆ ಆಗಿರುತ್ತದೆ.

ಅಂತಿಮ ಪುಸ್ತಕ 60–80 ಪುಟ ಇದ್ದರೆ ಜನ ಓದುತ್ತಾರೆ. ವಂಶವೃಕ್ಷ, ಮನೆಯ ನಕ್ಷೆ, ಹೆಸರು ಬರೆದ ಫೋಟೋಗಳು, ಹಿರಿಯರ ಮಾತಿನ ಆಯ್ದ ಭಾಗ ಅವರದೇ ಭಾಷೆಯಲ್ಲಿ, ಎದುರು ಪುಟದಲ್ಲಿ ಕನ್ನಡ. ಇಂಕ್‌ಜೆಟ್ ಬೇಡ, ನಮ್ಮ ತೇವಕ್ಕೆ ಅದರ ಮಸಿ ಹರಡಬಹುದು. ಲೇಸರ್ ಅಥವಾ ಆಫ್‌ಸೆಟ್ ಮುದ್ರಣ, ಆಮ್ಲರಹಿತ ಕಾಗದ, ದಾರದ ಹೊಲಿಗೆ. ಪ್ರತಿ ಕವರಿಗೆ ಎರಡು ಪ್ರತಿ, ಊರಿನ ಗ್ರಂಥಾಲಯಕ್ಕೊಂದು. ಕೊನೆಯಲ್ಲಿ ಹತ್ತು ಪುಟ ಖಾಲಿ ಬಿಡಿ, ಮುಂದೆ ಹುಟ್ಟುವವರ ಹೆಸರು ಬರೆಯಲು.